ಹೆದರಿಕೆ ಇಲ್ಲದ ಮಗು

ಮಕ್ಕಳ ಡಾಕ್ಟರ ಹೊರಕೋಣೆಯಲ್ಲಿ ನನ್ನ ಪಕ್ಕ ಗಂಡ ಹೆಂಡತಿ ಕೂತಿದ್ದರು. ಹೆಂಡತಿಯ ತೊಡೆಯ ಮೇಲಿದ್ದ ಪುಟ್ಟ ಮಗಳ ಕಾಲೆಲ್ಲ ಇರುವೆ ಕಚ್ಚಿ ಬಾತಿತ್ತು.

"ಹಾಸಿಗೆ ತುಂಬಾ ಇರುವೆ ಹರಿದಾಡ್ತಿದ್ರೂ ಹಲ್ಲು ಕಚ್ಕೊಂಡು ಮಲಗಿದ್ದಾಳೆ ಕಣ್ರೀ! ಎಲ್ಲಾ ನಿಮ್ಮಿಂದ."

"ನಾನೇನೇ ಮಾಡ್ದೆ? ಮೊದ್ಲು ಜಿರಳೆ ಮೀಸೆ ಕಂಡ್ರೂ ಸೂರು ಹಾರಿಹೋಗೋ ಹಾಗೆ ಕಿರುಚ್ತಿದ್ಳು. ಈಗ ಧೈರ್ಯ ಬಂದಿದೆ."

"ಧೈರ್ಯವಂತೆ, ಮಣ್ಣು! ಅವಳು ಕಿರುಚೋದೇ ತಡ, ನೀವು ಕಾಲಿಂದ ಚಪ್ಪಲಿ ತೆಗೆದು ಫಟ್ ಅಂತ ಜಜ್ಜಿ ಹಾಕ್ತೀರ. ತಾನು ಹೆದರಿದ್ರೆ ಅದು ಸಾಯತ್ತೆ ಅಂತ ಬಾಯಿ ಬಿಡೋದನ್ನೇ ನಿಲ್ಲಿಸಿದ್ದಾಳೆ."

"ಮತ್ತೆ, ಜಿರಳೇನ ಮಡಿಲಲ್ಲಿ ಕೂರಿಸ್ಕೊಂಡು ಮುದ್ದಾಡ್ಬೇಕಿತ್ತಾ?"

"ಮೆಲ್ಲಗೆ ಹೊರಗೆ ಬಿಟ್ಟಿದ್ರೆ ನಿಮ್ಮಪ್ಪನ ಮನೆ ಗಂಟೇನು ಹೋಗ್ತಿತ್ತು?"

ಅಷ್ಟರಲ್ಲಿ ನರ್ಸ್ ಒಳಗೆ ಕರೆದಳು. ತೆರೆದ ಬಾಗಿಲಲ್ಲಿ ಡಾಕ್ಟರ ಬಿಳಿ ಕೋಟು ಕಂಡದ್ದೇ ಮಗು ಅಮ್ಮನ ಕುತ್ತಿಗೆಯನ್ನು ಬಿಗಿಯಾಗಿ ಅಪ್ಪಿಕೊಂಡಿತು. ಹೊಸ್ತಿಲ ಹೊರಗೆ ಚಪ್ಪಲಿ ಬಿಡಲು ಅಪ್ಪ ಬಗ್ಗಿದ.

"ಬೇಡಪ್ಪಾ, ತೆಗೀಬೇಡ!" ಮಗು ಚೀರಿತು. "ಡಾಕ್ಟರ್ ಕಂಡ್ರೆ ನಂಗೆ ಹೆದರಿಕೇನೇ ಇಲ್ಲ!"

ಅವನು ಚಪ್ಪಲಿ ಮೆಟ್ಟಿಕೊಂಡೇ ಒಳಗೆ ಹೋದ.