ಇದು ಯಾರ ಕಾಲಿಗೆ?

ಕುಳಿತುಕೊಳ್ಳಿ, ಕುಳಿತುಕೊಳ್ಳಿ. ಹಿಂದೆ ಕಂಬ ಹಿಡಿದು ನಿಂತವರು ಮುಂದೆ ಬನ್ನಿ, ಇಲ್ಲಿ ಬೇಕಾದಷ್ಟು ಜಾಗ ಇದೆ. ಚನ್ನವೀರಪ್ಪನವರೇ, ಆ ಫೋನು ಒಳಗಿಡಿ. ಪ್ರವಚನ ಕೇಳಲು ಬಂದಿದ್ದೀರೋ, ನನ್ನ ಫೋಟೋ ತೆಗೆಯಲು ಬಂದಿದ್ದೀರೋ?

ನಿನ್ನೆ ಶುಚಿಯ ಮಾತು ಎತ್ತಿ ಅರ್ಧಕ್ಕೆ ಬಿಟ್ಟಿದ್ದೆ. ಶುಚಿ ಎಂದರೆ ಏನು? ನಿಮ್ಮ ಲೆಕ್ಕದಲ್ಲಿ ನಮ್ಮ ಕಣ್ಣಿಗೆ ಕಸ ಬೀಳಬಾರದು, ಅಷ್ಟೇ ತಾನೇ? ಗುಡಿಸಿ ಮಂಚದ ಕೆಳಗೆ ತಳ್ಳಿದರೆ ಮನೆ ಸ್ವಚ್ಛ. ಕಾಂಪೌಂಡಿನ ಆಚೆ ಎಸೆದರೆ ಅಂಗಳ ಸ್ವಚ್ಛ. ಕಾಂಪೌಂಡಿನ ಆಚೆ ಇರುವವನ ಗತಿ? ಅದು ಅವನ ಪ್ರಾರಬ್ಧ! ನಗಬೇಡಿ. ಇದಕ್ಕೊಂದು ದೃಷ್ಟಾಂತ ಇದೆ, ಕೇಳಿ. ಕೇಳಿ ಆಮೇಲೆ ನಗು ಬಂದರೆ ನಗಿ.

ಒಂದು ಪೇಟೆ. ಆ ಪೇಟೆಯಲ್ಲಿ ಒಬ್ಬ ಸಾಹುಕಾರ. ಹೆಸರು ಕೇಳಬೇಡಿ. ಹೆಸರು ಹೇಳಿದರೆ ಇಲ್ಲಿ ಕೂತವರಲ್ಲಿ ಕೆಲವರು ಎದ್ದು ಹೋಗುತ್ತೀರಿ. ಅವನಿಗೆ ಪ್ರತಿವರ್ಷ ಕ್ಷೇತ್ರಕ್ಕೆ ಹೋಗುವ ರೂಢಿ. ಯಾವ ಕ್ಷೇತ್ರ? ನೀವೆಲ್ಲ ಹೋಗುವಂಥದ್ದೇ. ದೊಡ್ಡ ಹೊಳೆ, ಹೊಳೆಗೆ ಮೆಟ್ಟಿಲು, ಮೆಟ್ಟಿಲ ಮೇಲೆ ಕಾಲಿಡಲು ಜಾಗವಿಲ್ಲದಷ್ಟು ಜನ. ಬಸ್ಸಿನ ಹಿಂದೆ ಬಸ್ಸು, ಕಾರಿನ ಹಿಂದೆ ಕಾರು. ದೇವರಿಗೇ ಉಸಿರು ಕಟ್ಟಬೇಕು, ಅಂಥ ಊರು.

ಈ ಸಾಹುಕಾರನಿಗೆ ಇತ್ತೀಚೆಗೆ ಪರಿಸರದ ಜ್ಞಾನೋದಯವಾಗಿತ್ತು. ಎಲ್ಲಿ ಆಯಿತೋ, ಹೇಗೆ ಆಯಿತೋ, ಒಟ್ಟು ಆಗಿತ್ತು. ಹೋದವನು ಸಾದಾ ಲಾಡ್ಜಿನಲ್ಲಿ ಇಳಿಯಲಿಲ್ಲ. ಬಾಗಿಲ ಮೇಲೆ ಹಸಿರು ಎಲೆ ಬರೆಸಿ, ಕೆಳಗೆ 'ಪರಿಸರಸ್ನೇಹಿ' ಎಂದು ಬೋರ್ಡು ಹಾಕಿದ ಲಾಡ್ಜಿನಲ್ಲೇ ಇಳಿದ. ಬಚ್ಚಲಲ್ಲಿ ಒಂದು ಚೀಟಿ ಅಂಟಿಸಿದ್ದರು: 'ಟವೆಲ್ ಮತ್ತೆ ಬಳಸಿ, ನೀರು ಉಳಿಸಿ.' ಇವನು ಮರುದಿನವೂ ಅದೇ ಟವೆಲ್ ಬಳಸಿದ. ಬಳಸಿ ಸುಮ್ಮನಿದ್ದನೇ? ಮ್ಯಾನೇಜರನ ತನಕ ಹೋಗಿ, "ನೋಡ್ರಿ, ನಾ ಅದನ್ನ ಬಳಸೀನಿ" ಎಂದು ಹೇಳಿ ಬಂದ. ಮನೆಯಲ್ಲಿ ಟವೆಲ್ಲು ಹರಿದು ಜಾಳುಜಾಳಾಗುವ ತನಕ ಬಿಡದವನು! ಮನೆಯಲ್ಲಿ ಅದು ಜಿಪುಣತನ, ಲಾಡ್ಜಿನಲ್ಲಿ ಪರಿಸರ.

ಬೆಳಿಗ್ಗೆ ಹೆಂಡತಿಯನ್ನು ಕರೆದುಕೊಂಡು ಹೊಳೆಗೆ ಬಂದ. ಮೆಟ್ಟಿಲ ಮೇಲೆ ಯಾರೋ ಕುಡಿದು ಬಿಸಾಕಿದ ಪ್ಲಾಸ್ಟಿಕ್ ಬಾಟಲಿ. ಇವನ ಮುಖ ಗಂಟಾಯಿತು. "ಥೂ! ಈ ಮಂದಿಗೆ ಬುದ್ಧಿ ಯಾವಾಗ ಬರ್ತದ?" ಎಂದು ಅದನ್ನು ಎತ್ತಿದ. ಎತ್ತಿ ಬುಟ್ಟಿಗೆ ಹಾಕಿದನೇ? ತಡೆಯಿರಿ, ಇಷ್ಟು ಬೇಗ ಹಾಕಿದರೆ ಹೇಗೆ? "ಲೇ, ಒಂದು ಫೋಟೋ ಹೊಡಿ" ಎಂದು ಹೆಂಡತಿಯ ಕೈಗೆ ಫೋನು ಕೊಟ್ಟ. ಮೊದಲನೆಯದರಲ್ಲಿ ಕಣ್ಣು ಮುಚ್ಚಿತ್ತು. ಬುಟ್ಟಿಯಿಂದ ಬಾಟಲಿ ಹೊರಗೆ ತೆಗೆದು ಇನ್ನೊಮ್ಮೆ ಹಾಕಿದ.

ಆಮೇಲೆ ನೀರಿಗೆ ಇಳಿದ. ಮುಳುಗು ಹಾಕಿದ, ಕೈಮುಗಿದ, ದಡಕ್ಕೆ ಬಂದು ಒಣಬಟ್ಟೆ ಉಟ್ಟ. ಒದ್ದೆ ಪಂಚೆಯನ್ನು ಏನು ಮಾಡಿದ? ಹೇಳಿ, ಹೇಳಿ, ನಿಮಗೆ ಗೊತ್ತು! ಹೊಳೆಗೆ ಬಿಟ್ಟ. ಉಟ್ಟು ಮಿಂದ ಬಟ್ಟೆಯನ್ನು ನೀರಿಗೆ ಬಿಟ್ಟರೆ ವರ್ಷದ ಪಾಪವೆಲ್ಲ ಅದರ ಜೊತೆ ಹೋಗುತ್ತದೆ ಎಂದು ಅವನ ನಂಬಿಕೆ. ವರ್ಷವಿಡೀ ತಕ್ಕಡಿ ಒತ್ತಿ ಮಾಡಿದ ಪಾಪ ಒಂದು ಹಳೆಯ ಪಂಚೆಯಲ್ಲಿ ಹೋಗುತ್ತದೆಯಂತೆ. ಅದೂ ಹೊಸ ಪಂಚೆ ಅಲ್ಲ ಮತ್ತೆ! ಬಿಡುವುದಕ್ಕೆಂದೇ ಹುಡುಕಿ ತಂದ ಹರಕು.

ಅಲ್ಲೇ ಪಕ್ಕದಲ್ಲಿ ಒಬ್ಬ ಅಂಬಿಗ ಇದ್ದ. ಹರಿಗೋಲಿನಲ್ಲಿ ಕುಳಿತು, ಕೊಕ್ಕೆ ಕಟ್ಟಿದ ಗಳದಿಂದ ಹೊಳೆಯ ತಳದ ಬಟ್ಟೆಗಳನ್ನು ಎಳೆದೆಳೆದು ದಡಕ್ಕೆ ಹಾಕುವುದು ಅವನ ಕೆಲಸ. ಸೀರೆ, ಪಂಚೆ, ಲಂಗ, ಅಂಗಿ. ದಡದಲ್ಲಿ ಒಂದು ದೊಡ್ಡ ರಾಶಿ, ಕೊಳೆತು ನಾರುತ್ತಿತ್ತು. ಅಂಬಿಗ ಕೈಮುಗಿದ. "ಯಪ್ಪಾ, ನೀರಾಗ ಬಿಡಬ್ಯಾಡ್ರಿ. ಅವು ತೇಲಿ ಹೋಗಂಗಿಲ್ರಿ, ತಳದಾಗ ಕಲ್ಲಿಗೆ ಸಿಕ್ಕೊಂಡು ನಿಂದರ್ತಾವ. ಇಳದವ್ರ ಕಾಲಿಗೆ ಸುತ್ಕೋತಾವ್ರಿ."

ಸಾಹುಕಾರನಿಗೆ ಕೆಂಡ ತುಳಿದಂತಾಯಿತು. "ನಮ್ಮಪ್ಪನ ಕಾಲದಿಂದ ಬಿಟ್ಕೋಂತ ಬಂದೇವಿ, ನೀ ಯಾವನೋ ಹೇಳಾಂವ? ಮೊದಲ ಆ ನಿನ್ನ ರಾಶಿ ನೋಡು! ಇಂಥಾ ಕ್ಷೇತ್ರದಾಗ ಏನಿದು ಹೊಲಸು?"

ನೋಡಿ, ಇಲ್ಲಿ ನಿಲ್ಲಿ. ಇಡೀ ಕಥೆ ಇಲ್ಲೇ ಇದೆ. ನೀರಿನೊಳಗೆ ಇದ್ದಾಗ ಅದು ಪುಣ್ಯ. ದಡಕ್ಕೆ ಬಂದಾಗ ಅದು ಹೊಲಸು. ಬಾಟಲಿ ಬೇರೆಯವನು ಹಾಕಿದ್ದು, ಆದ್ದರಿಂದ ಕಸ. ಪಂಚೆ ತಾನು ಹಾಕಿದ್ದು, ಆದ್ದರಿಂದ ಹರಕೆ! ಹಾಕಿದವನ ತಪ್ಪಿಲ್ಲ, ತೆಗೆದವನದೇ ತಪ್ಪು.

ಸಾಹುಕಾರ ಅಲ್ಲಿಗೆ ಬಿಟ್ಟನೇ? ನೆಟ್ಟಗೆ ಕ್ಷೇತ್ರದ ಕಮಿಟಿಗೆ ಹೋದ. ಅನ್ನದಾನಕ್ಕೆ ಕೊಡುವ ಕೈ ಅವನದು, ಕಮಿಟಿಯವರು ಕುರ್ಚಿ ಬಿಟ್ಟು ಎದ್ದು ನಿಂತರು. "ಏನ್ರೀ ನಿಮ್ಮ ವ್ಯವಸ್ಥಾ! ಹೊರಗಿನ ಮಂದಿ ಬರ್ತಾರ, ನೋಡಿದವ್ರು ಏನಂತಾರ? ಪರಿಸರ ಅನ್ನೋದ ಬ್ಯಾಡೇನ್ರಿ?" ಎಂದು ಎಗರಾಡಿದ. ಕಮಿಟಿಯ ಅಧ್ಯಕ್ಷ ಅಂಬಿಗನನ್ನು ಕರೆಸಿದ. "ರಾಶಿ ಇವತ್ತ ಸಾಗಿಸು. ಸೂಟಿ ಮುಗದು ಈ ಮಂದಿ ಹೋಗೋ ತನಕ ಒಂದು ಬಟ್ಟಿನೂ ಹೊರಗ ಹಾಕಬ್ಯಾಡ. ಮಂದಿ ಕಣ್ಣಿಗೆ ಬೀಳಬಾರದು."

"ಹಂಗಾದ್ರ ನೀರಾಗ ಉಳೀತಾವಲ್ರಿ" ಎಂದ ಅಂಬಿಗ.

"ನೀರಾಗ ಯಾರಿಗೆ ಕಾಣ್ತಾವ?"

ಎಂಥ ಮಾತು! ಬಂಗಾರದ ಅಕ್ಷರದಲ್ಲಿ ಬರೆದು ಎಲ್ಲ ಪ್ರವಾಸಿ ಊರುಗಳ ಹೆಬ್ಬಾಗಿಲಿಗೆ ಕಟ್ಟಬೇಕಾದ ಮಾತು. ನೀರಿನಲ್ಲಿ ಯಾರಿಗೆ ಕಾಣುತ್ತದೆ? ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಬೆಕ್ಕಿಗಾದರೂ ನಾಚಿಕೆ ಇರಬಹುದು, ಕಮಿಟಿಗೆ ಎಲ್ಲಿಂದ ಬರಬೇಕು? ಸಾಹುಕಾರನಿಗೆ ಚೆಂದ ಕಾಣಬೇಕಿತ್ತು, ಅವರು ಚೆಂದ ಕಾಣಿಸಿದರು.

ಮರುದಿನ ಬೆಳಿಗ್ಗೆ ಗಂಡ ಹೆಂಡತಿ ಮತ್ತೆ ಹೊಳೆಗೆ ಬಂದರು. ರಾಶಿ ಇಲ್ಲ, ವಾಸನೆ ಇಲ್ಲ. ದಡಕ್ಕೆ ಸುಣ್ಣದ ಪುಡಿ ಉದುರಿಸಿ, ಎರಡು ಹೂವಿನ ಕುಂಡ ಬೇರೆ ಇಟ್ಟಿದ್ದಾರೆ. ಸಾಹುಕಾರ ಎದೆಯುಬ್ಬಿಸಿ ಹೆಂಡತಿಗೆ ಹೇಳಿದ, "ನೋಡಿದೀ? ನಾ ಬಾಯಿ ಮಾಡಿದ್ದಕ್ಕ ಆತು. ಈಗ ಇದು ಕ್ಷೇತ್ರ!" ಮೆಟ್ಟಿಲ ಮೇಲೆ ಕುಳಿತ, ಫೋನು ತೆಗೆದ. 'ಬಹಳ ಸ್ವಚ್ಛವಾದ ಸ್ಥಳ. ಪರಿಸರಕ್ಕೆ ಮಾದರಿ' ಎಂದು ಬರೆದು ಐದು ನಕ್ಷತ್ರ ಒತ್ತುತ್ತಿದ್ದ. ಹೆಂಡತಿ ಸೀರೆಯ ನಿರಿಗೆ ಹಿಡಿದು ಒಂದೊಂದೇ ಮೆಟ್ಟಿಲು ಇಳಿದಳು.

ಕೊನೆಯ ಮೆಟ್ಟಿಲ ಆಚೆ ಕಾಲಿಟ್ಟಳು. ಕಾಲಿಗೆ ಏನೋ ಮೆತ್ತಗೆ ತಾಗಿತು. ಝಾಡಿಸಿದಳು, ಅದು ಸುತ್ತಿಕೊಂಡಿತು. ಇನ್ನೊಂದು ಕಾಲಲ್ಲಿ ಒದ್ದಳು, ಆ ಕಾಲಿಗೂ ಸುತ್ತಿಕೊಂಡಿತು. ಕಲ್ಲಿಗೆ ಸಿಕ್ಕಿಕೊಂಡ ಉದ್ದನೆಯ ಬಟ್ಟೆ ಅದು, ಒದ್ದಷ್ಟೂ ಬಿಗಿಯಾಗುತ್ತಿತ್ತು. ಮೇಲಿಂದ ಸೆಳವು ದಬ್ಬಿತು. ಪಾಪ, ಆ ತಾಯಿ ಮುಗ್ಗರಿಸಿ ಮುಳುಗಿದಳು. ಒಮ್ಮೆ ಕೈ ಮೇಲೆ ಬಂತು, ಬಳೆ ಕಾಣಿಸಿತು. ಮತ್ತೆ ಇಲ್ಲ.

"ಅಯ್ಯಯ್ಯೋ! ಯಾರರ ಬರ್ರೋ! ನನ್ನ ಹೆಂಡ್ತಿ ಹ್ವಾದ್ಲೋ!" ಸಾಹುಕಾರ ಎದೆ ಎದೆ ಬಡಿದುಕೊಂಡ. ಮೆಟ್ಟಿಲ ಮೇಲೆ ಅಷ್ಟೊಂದು ಜನ. ಕೆಲವರು ಕೂಗಿದರು, ಕೆಲವರು ಫೋನು ಎತ್ತಿ ಹಿಡಿದರು. ನೀರಿಗೆ ಹಾರಿದವನು ಯಾರು? ಅದೇ ಅಂಬಿಗ. ಹಲ್ಲಿನಲ್ಲಿ ಕುಡುಗೋಲು ಕಚ್ಚಿಕೊಂಡು ಧುಮುಕಿದ. ತಳಕ್ಕೆ ಹೋಗಿ, ಬಟ್ಟೆ ಕೊಯ್ದು, ಅವಳನ್ನು ಹೆಗಲ ಮೇಲೆ ಹೊತ್ತು ಬಂದ. ಹೆಂಗಸರು ಬೆನ್ನು ಉಜ್ಜಿದರು, ಹೊಟ್ಟೆಯ ನೀರು ಕಾರಿಸಿದರು. ಅವಳು ಕೆಮ್ಮಿ ಕಣ್ಣು ಬಿಟ್ಟಳು. ಬದುಕಿದಳು!

ಅವಳ ಕಾಲಿಗೆ ಸುತ್ತಿದ ಆ ಬಟ್ಟೆ ಯಾರದು? ಗಂಡನ ಪಂಚೆಯೇ ಎಂದು ಹೇಳಲಿ ಎಂದು ಕಾಯುತ್ತಿದ್ದೀರಿ ಅಲ್ಲವೇ? ಹೇಳುವುದಿಲ್ಲ. ಅದು ಯಾರದೋ. ಮಾಡಿದ್ದುಣ್ಣೋ ಮಹಾರಾಯ ಎನ್ನುತ್ತಾರೆ. ಆದರೆ ಹೊಳೆಯಲ್ಲಿ ಹಾಗಲ್ಲ, ಒಬ್ಬ ಮಾಡಿದ್ದನ್ನು ಇನ್ನೊಬ್ಬ ಉಣ್ಣುತ್ತಾನೆ. ಸಾಹುಕಾರನ ಪಂಚೆ ಇನ್ನೂ ಅಲ್ಲೇ ತಳದಲ್ಲಿ, ಇನ್ಯಾರದೋ ಹೆಂಡತಿಗಾಗಿ ಕಾಯುತ್ತಿದೆ.

ಸರಿ, ಇಷ್ಟಾದ ಮೇಲೆ ಸಾಹುಕಾರನಿಗೆ ಬುದ್ಧಿ ಬಂತು ಎಂದು ಕಥೆ ಮುಗಿಸಬಹುದಿತ್ತು. ನಿಮಗೂ ಸಮಾಧಾನ, ಊಟಕ್ಕೂ ಹೊತ್ತಾಗಿದೆ. ಆದರೆ ಬುದ್ಧಿ ಬರುವುದು ಅಷ್ಟು ಸಲೀಸೇ?

ಸಾಹುಕಾರ ಅಂಬಿಗನಿಗೆ ತನ್ನ ಶಾಲು ಹೊದಿಸಿ ಕಾಲು ಮುಟ್ಟಿದ, ಅತ್ತ. ಅದು ನಿಜವಾದ ಅಳುವೇ, ಸುಳ್ಳಲ್ಲ. ಅಷ್ಟರಲ್ಲಿ ಅವನ ಪೇಟೆಯಿಂದಲೇ ಸ್ನಾನಕ್ಕೆ ಬಂದಿದ್ದ ಹಿರಿಯನೊಬ್ಬ ಕಿವಿಯಲ್ಲಿ ಹೇಳಿದ, "ಸಾವ್ಕಾರ್ರ, ಗಂಡಾಂತರ ಬಂದ ಸೀರಿ ಮನಿಗೆ ಒಯ್ಯಬಾರದ್ರಿ. ಇಲ್ಲೇ ಬಿಟ್ಟ ಹೋಗ್ರಿ." ಹೆಂಗಸರು ಆಗಲೇ ಅವಳಿಗೆ ಒಣಸೀರೆ ಉಡಿಸಿದ್ದರು. ಒದ್ದೆ ಸೀರೆ ಮೆಟ್ಟಿಲ ಮೇಲೆ ಇತ್ತು. ಸಾಹುಕಾರ ಅದನ್ನು ಎತ್ತಿಕೊಂಡ, ಕಣ್ಣಿಗೆ ಒತ್ತಿಕೊಂಡ, ಬೀಸಿ ಹೊಳೆಗೆ ಎಸೆದ!

ಎಸೆದ! ಅದೇ ಹೊಳೆಗೆ, ಅದೇ ಮೆಟ್ಟಿಲ ಕೆಳಗೆ. ಹೆಂಡತಿಯ ಕೆಮ್ಮು ಇನ್ನೂ ನಿಂತಿರಲಿಲ್ಲ. ನನಗೆ ಇದನ್ನು ಹೇಳುವಾಗಲೆಲ್ಲ ಮೈ ಉರಿಯುತ್ತದೆ.

ಅಂಬಿಗನ ಮೈಯಿಂದ ಇನ್ನೂ ನೀರು ಸೋರುತ್ತಿತ್ತು. ಹೊದಿಸಿದ ಶಾಲನ್ನು ಮಡಚಿ ಪಕ್ಕಕ್ಕೆ ಇಟ್ಟ. "ಸಾವ್ಕಾರ್ರ, ಇದು ಯಾರ ಕಾಲಿಗ್ರಿ?" ಎಂದು ಕೇಳಿದ.

ಬಾಯಿ ಬಿಟ್ಟವಳು ಹೆಂಡತಿ. ನಡುಗುತ್ತಲೇ ಎದ್ದು ನಿಂತಳು. ಮದುವೆಯಾದಾಗಿನಿಂದ ಗಂಡನಿಗೆ ಎದುರಾಡದವಳು. "ಏನ್ರೀ, ಇಳೀರಿ ನೀರಾಗ. ನನ್ನ ಸೀರಿ ತಗೊಂಡ ಬರ್ರಿ. ಎಸದವ್ರ ತಗೀಬೇಕು" ಎಂದಳು.

ಸಾಹುಕಾರ ಹೊಳೆಯನ್ನು ನೋಡಿದ. ಮಾದರಿ ಹೊಳೆ, ಐದು ನಕ್ಷತ್ರದ ಹೊಳೆ. ಹಿಂದಕ್ಕೆ ಸರಿದ. ಏನೆಂದ ಗೊತ್ತೇ? "ಏ, ನಾ ಒಲ್ಲೆ. ಅಲ್ಲಿ ತಳದಾಗ ಬಟ್ಟಿ ಅದಾವ, ಕಾಲಿಗೆ ಸುತ್ಕೋತಾವ!"

ಈಗ ನಗಿ. ನಕ್ಕಿರಾ? ಮುಗಿಯಿತಾ? ಈಗ ನಾನು ಕೇಳುತ್ತೇನೆ. ಬರುವ ಅಮಾವಾಸ್ಯೆಗೆ ಇದೇ ಮಠದ ಮುಂದಿನಿಂದ ಬಸ್ಸು ಹೊರಡುತ್ತದಲ್ಲ, ಎಲ್ಲಿಗೆ? ಹೊಳೆಸ್ನಾನಕ್ಕೆ. ನಿಮ್ಮ ಗಂಟಿನಲ್ಲಿ ಹರಕು ಪಂಚೆ, ಮಾಸಿದ ಸೀರೆ ಬೇರೆಯಾಗಿ ಮಡಚಿಟ್ಟಿದ್ದೀರೋ ಇಲ್ಲವೋ? ತಲೆ ತಗ್ಗಿಸಬೇಡಿ, ಬಾಯಿ ಬಿಡಿ.

ಏನವ್ವಾ ನೀಲವ್ವ, ಏನೋ ಕೇಳಬೇಕು ಅಂತಿದ್ದೀ?

"ಅಜ್ಜಾರ, ಬಟ್ಟಿ ಬಿಡದಿದ್ರ ಪಾಪ ಹ್ಯಾಂಗ ಹೋಗ್ತದ್ರಿ?"

ಪಾಪ ಹೋಗುವುದಿಲ್ಲ ತಾಯಿ. ಬಟ್ಟೆ ಬಿಟ್ಟರೂ ಹೋಗುವುದಿಲ್ಲ, ಇನ್ನೊಂದು ಕೂಡುತ್ತದೆ. ಸೊಸೆಯನ್ನು ಬೈದ ಪಾಪಕ್ಕೆ ಸೊಸೆಯ ಹತ್ತಿರ ಹೋಗು. ಹೊಳೆ ಏನು ಮಾಡಿತ್ತು ನಿನಗೆ?

ಕೇಳಿ, ಬಿಡಿಸಿ ಹೇಳುತ್ತೇನೆ, ಆಮೇಲೆ ಅಜ್ಜಾರು ಹೇಳಲಿಲ್ಲ ಎನ್ನಬೇಡಿ. ಹೊಳೆಗೆ ಹೋಗುವಾಗ ಉಡಲು ಯೋಗ್ಯವಾದ ಬಟ್ಟೆಯನ್ನೇ ಉಟ್ಟು ಹೋಗಿ. ಮಿಂದ ಮೇಲೆ ಅದನ್ನು ಹಿಂಡಿ, ಚೀಲದಲ್ಲಿ ಹಾಕಿ, ಮನೆಗೆ ತನ್ನಿ, ಒಗೆದು ನಿಮ್ಮ ಹಿತ್ತಲಿನಲ್ಲೇ ಒಣಗಿಸಿ. ಬಸ್ಸಿನಲ್ಲಿ ನಾರುತ್ತದೆ ಎನ್ನುತ್ತೀರಾ? ನಾರಲಿ! ನಿಮ್ಮ ವಾಸನೆ ನಿಮಗೇ ಬರಲಿ, ಹೊಳೆ ದಂಡೆಯವರಿಗೆ ಯಾಕೆ ಬಿಟ್ಟು ಬರುತ್ತೀರಿ? ಕೊಡುವಂಥ ಬಟ್ಟೆ ಇದ್ದರೆ ಒಗೆದು, ಹರಿದಲ್ಲಿ ಹೊಲಿದು, ಉಡುವವರ ಕೈಗೆ ಕೊಡಿ. ಇನ್ನು ಯಾವ ಊರಿಗೇ ಹೋಗಿ, ಕಸದ ರಾಶಿ ಕಂಡು ಮೂಗು ಮುಚ್ಚಿ ಕಮಿಟಿಯ ಬಾಗಿಲು ಬಡಿಯುವ ಮೊದಲು ಆ ರಾಶಿಯಲ್ಲಿ ನಿಮ್ಮದೆಷ್ಟಿದೆ ನೋಡಿ. ಕಸ ಕಾಣಲೇ ಇಲ್ಲವೆಂದರೆ ಹಿಗ್ಗಬೇಡಿ, ಅದನ್ನು ಎಲ್ಲಿ ಮುಚ್ಚಿಟ್ಟಿದ್ದಾರೆ ಎಂದು ಕೇಳಿ. ಮನೆಯಲ್ಲೂ ಇದೇ ಮಾತು, ಮಂಚದ ಕೆಳಗೂ ಇದೇ ಮಾತು.

ಅಮಾವಾಸ್ಯೆಯ ದಿನ ನಾನೂ ಬರುತ್ತೇನೆ. ವಾಪಸು ಹೊರಡುವಾಗ ಬಸ್ಸಿನ ಬಾಗಿಲಲ್ಲಿ ನಿಂತಿರುತ್ತೇನೆ. ಒದ್ದೆ ಗಂಟು ಕೈಯಲ್ಲಿದ್ದವರು ಹತ್ತಿ ಕೂರಿ. ಬರಿಗೈ ಬೀಸಿಕೊಂಡು ಬಂದವರನ್ನು ಅಲ್ಲೇ ತಡೆದು ಒಂದೇ ಮಾತು ಕೇಳುತ್ತೇನೆ: ನಿಮ್ಮದನ್ನು ಯಾರ ಕಾಲಿಗೆ ಬಿಟ್ಟು ಬಂದಿರಿ? ಉತ್ತರ ಇಲ್ಲದಿದ್ದರೆ ಹೊಳೆಗೆ ಇಳಿದು ತೆಗೆದುಕೊಂಡು ಬನ್ನಿ. ಬಸ್ಸು ಕಾಯುತ್ತದೆ.