ಬಲಗಡೆಯ ದವಡೆ

ಒಂದೂರಲ್ಲಿ ಒಬ್ಬ ಶ್ರೀಮಂತ ಇದ್ದ ಎಂದು ಶುರು ಮಾಡಿದರೆ ಕಥೆ ಕೇಳಲು ಬಂದ ನೀವೆಲ್ಲ ಕಂಬಕ್ಕೊರಗಿ ಆರಾಮಾಗಿ ಕೂರುತ್ತೀರಿ. ಶ್ರೀಮಂತನ ತಪ್ಪು ನಮ್ಮ ತಪ್ಪಲ್ಲವಲ್ಲ! ಅದಕ್ಕೇ ಇವತ್ತು ಶ್ರೀಮಂತ ಬೇಡ. ಒಂದೂರಲ್ಲಿ ಒಂದು ಆಲೆಮನೆ. ಆ ಆಲೆಮನೆಯಲ್ಲಿ ಬೆಲ್ಲದ ಪಾಕ ನೋಡುವ ಒಬ್ಬ ಮನುಷ್ಯ. ಅರವತ್ತು ದಾಟಿದವನು, ದಣಿದವನು.

ಪಾಕ ನೋಡುವುದೆಂದರೆ ಹೇಗೆ? ಕುದಿಯುವ ಕೊಪ್ಪರಿಗೆಯಿಂದ ಒಂದಿಷ್ಟು ತೆಗೆದು, ತಣ್ಣೀರಿಗೆ ಬಿಟ್ಟು, ಉಂಡೆ ಮಾಡಿ, ದವಡೆಗಿಟ್ಟು ಕಡಿಯುತ್ತಿದ್ದ. ಹಲ್ಲಿಗೆ ಅಂಟಿದರೆ ಇನ್ನೂ ಬೇಯಬೇಕು. ಕಟ್ ಎಂದು ಮುರಿದರೆ ಇಳಿಸಬೇಕು. ಎಡಗಡೆ ಎರಡು ಹಲ್ಲು ಎಂದೋ ಬಿದ್ದುಹೋಗಿದ್ದವು. ಹಾಗಾಗಿ ಇಡೀ ಕೊಪ್ಪರಿಗೆಯ ಹಣೆಬರಹ ಅವನ ಬಲಗಡೆಯ ಒಂದು ಹಲ್ಲಿನ ಮೇಲೆ.

ಆ ಹಲ್ಲು ಇಪ್ಪತ್ತೈದು ವರ್ಷದ ಹಿಂದೆ ಹುಳುಕಾಗಿ, ಪೇಟೆಗೆ ಹೋಗಿ ಲೋಹ ತುಂಬಿಸಿಕೊಂಡು ಬಂದಿದ್ದ. ಬೆಳ್ಳಿಯ ಹಾಗೆ ಹೊಳೆಯುತ್ತಿತ್ತು. ಆಗಾಗ ಬಂದು ತೋರಿಸಿ ಎಂದಿದ್ದರು ಅಲ್ಲಿನ ಡಾಕ್ಟರು. ತೋರಿಸಿದನೇ? ತುಂಬಿಸಿದ ಮೇಲೆ ಮುಗಿಯಿತಲ್ಲ ಎಂದುಕೊಂಡ. ನೋಡಿ, ಈ 'ಮುಗಿಯಿತಲ್ಲ' ಎಂಬ ಮಾತನ್ನು ಸ್ವಲ್ಪ ನೆನಪಿನಲ್ಲಿಡಿ.

ಹೊಳಪು ಹೋಗಿ ಲೋಹ ಕಪ್ಪಾಯಿತು. ಅಂಚು ಬಿರಿಯಿತು. ಬಿಸಿ ತಾಗಿದರೆ ಕಿವಿಯವರೆಗೂ ಜುಮ್ಮೆನ್ನುವುದು. ಅವನೇನು ಮಾಡಿದ? ಯಾರಿಗೂ ಹೇಳದೆ ಎಡಗಡೆ ಅಗಿಯಲು ಕಲಿತ. ಅದು ಮುದ್ದೆ ನುಂಗುವ ಸೀಮೆ, ಅಗಿಯುವವನ ಕಷ್ಟ ಯಾರಿಗೆ ಕಾಣಬೇಕು? ತಟ್ಟೆಯಲ್ಲಿ ಉಳಿಯುತ್ತಿದ್ದ ಅವರೆಕಾಳು ಹೆಂಡತಿಗೆ ಮಾತ್ರ ಕಾಣುತ್ತಿತ್ತು. ಪಾಕವನ್ನೂ ಎಡಗಡೆಯ ಬರಿ ವಸಡಿನಲ್ಲೇ ಒತ್ತಿ ನೋಡತೊಡಗಿದ. ಎಷ್ಟು ದಿನ ನಡೆದೀತು? ಒಂದು ದಿನ ಅಚ್ಚಿನಿಂದ ತೆಗೆದ ಬೆಲ್ಲವೆಲ್ಲ ಗಟ್ಟಿಯಾಗದೆ ನೀರೊಡೆದು ಕೂತಿತು.

ಆಲೆಮನೆಯ ಯಜಮಾನ ಬಂದು ನೋಡಿದ. "ಏನ್ಲಾ ಇದು, ನಿನ್ ಬೆಲ್ಲ ಅಳ್ತಾ ಕುಂತದಲ್ಲಾ! ಇನ್ನೊಂದ್ ಸಲ ಹಿಂಗಾದ್ರೆ ನಾ ಬೇರೆಯವ್ನ ನೋಡ್ಕಬೇಕಾಯ್ತದೆ."

ಮನೆಗೆ ಬಂದು ಗೋಡೆಗೊರಗಿ ಕೂತವನಿಗೆ ಹೆಂಡತಿ ಅಂದಳು: "ಕಾಳ್ ಬುಟ್ಕೊಂಡ್ ಎಷ್ಟ್ ವರ್ಸ ಉಣ್ತೀರಿ? ಹೋಗಿ ತೋರ್ಸ್ಕೊಂಡ್ ಬನ್ನಿ."

"ಸಾಕಾಗದೆ ಕಣಮ್ಮಿ. ಅದ್ನ ಕೆದಕ್ಸ್ಕೊಳೋಕೂ ಸಕ್ತಿ ಇಲ್ಲ."

"ಕೆಲ್ಸ ಹೋದ್ಮೇಲೆ ಬತ್ತದಾ ಸಕ್ತಿ?"

ಮರುದಿನ ಹೋದ. ಹಲ್ಲಿನ ಡಾಕ್ಟರು ಒಬ್ಬ ಸಣ್ಣ ವಯಸ್ಸಿನ ಹೆಣ್ಣುಮಗಳು. ನೋಡಿದವಳೇ, ಹಳೆಯದನ್ನು ತೆಗೆಯಬೇಕು ಎಂದಳು.

"ತೆಗೀಬ್ಯಾಡ ಕಣವ್ವಾ," ಎಂದು ಬೇಡಿಕೊಂಡ. "ಇರೋದ್ರ ಮ್ಯಾಲೇ ಒಂಚೂರು ಹೊಸದು ಮೆತ್ಬುಡು."

"ಏನ್ ಕೆಲ್ಸ ಮಾಡ್ತೀರಿ ಯಜಮಾನ್ರೇ?"

"ಬೆಲ್ಲದ ಪಾಕ ನೋಡ್ತೀನಿ."

"ಕೊಪ್ಪರಿಗೇಲಿ ಮಡ್ಡಿ ತೆಗೀದೇನೇ ಬೆಲ್ಲ ಇಳಿಸ್ತೀರಾ?"

ಅವನೋ, ನಲವತ್ತು ವರ್ಷ ಕುದಿಯುವ ಕಬ್ಬಿನ ಹಾಲಿಗೆ ಬೆಂಡೆಗಿಡದ ಲೋಳೆ ಹುಯ್ದು, ಕೊಳೆಯಾಗಿ ಮೇಲೆದ್ದ ಮಡ್ಡಿಯನ್ನು ಜಾಲರಿಯಲ್ಲಿ ತೆಗೆದವನು. ಒಂದು ಎಳೆ ಮಡ್ಡಿ ಬಿಟ್ಟರೂ ಕೆಲಸದವರನ್ನು ಬೈದವನು. ತನ್ನ ಬಾಯೊಳಗೇ ಬಿಟ್ಟುಕೊಂಡು ಕೂತಿದ್ದನಲ್ಲ! ಸುಮ್ಮನೆ ಬಾಯಿ ತೆರೆದ.

ಲೋಹ ಬಿಡಿಸಿದಾಗ ಅಡಿಯಲ್ಲಿ ನೆನೆದ ಹೊಟ್ಟಿನಂಥ ಕಪ್ಪು. ಅವಳು ಕೆರೆದು ಕೆರೆದು ತೆಗೆದಳು, ಚೊಕ್ಕಟವಾದ ಮೇಲೆ ಹಲ್ಲಿನ ಬಣ್ಣದ್ದನ್ನು ತುಂಬಿದಳು. ಇನ್ನೊಂದು ವರ್ಷ ಬಿಟ್ಟಿದ್ದರೆ ಹಲ್ಲೇ ಉಳಿಯುತ್ತಿರಲಿಲ್ಲ ಎಂದಳು.

ಕಥೆ ಮುಗಿಯಿತು ಅಂದುಕೊಂಡಿರಾ? ಹದಿನೈದು ದಿನವಾದರೂ ತಟ್ಟೆಯಲ್ಲಿ ಕಾಳು ಉಳಿಯುತ್ತಲೇ ಇತ್ತು. ಹೆಂಡತಿ ಕೇಳಿದಳು: "ಇನ್ನೂ ನೋಯ್ತದಾ?"

"ಇಲ್ಲ."

"ಮತ್ಯಾಕೆ ಇನ್ನೂ ಅತ್ಲಾಗೇ ಅಗೀತೀರಿ?"

ನೋವು ಹೋಗಿತ್ತು, ನೋವಿಗೆ ಹೆದರಿ ಬದುಕಿದ ರೂಢಿ ಹೋಗಿರಲಿಲ್ಲ. ಮರುದಿನ ಆಲೆಮನೆಯಲ್ಲಿ ಉಂಡೆ ಮಾಡಿದ. ಕೈ ಎಡಕ್ಕೇ ಹೋಯಿತು. ತಡೆದ. ಯಜಮಾನ ಅಲ್ಲೇ ನಿಂತು ನೋಡುತ್ತಿದ್ದಾನೆ. ಬಲಗಡೆಗೆ ಇಟ್ಟ, ಕಣ್ಣು ಮುಚ್ಚಿ ಕಡಿದ. ಕಟ್!

"ಇಳಿಸ್ರಲಾ!" ಎಂದು ಕೂಗಿದ.

ಈಗ ನಿಮ್ಮ ಮನೆಗೆ ಬರೋಣ. ವರ್ಷ ವರ್ಷ ಇಂಥ ಮಾತು ಹೇಳಿ ನನಗೂ ದಣಿವಾಗಿದೆ, ಕೇಳಿ ನಿಮಗೂ ಆಗಿದೆ. ಆದರೂ ಕೇಳುತ್ತೇನೆ. ಹಿರಿಯರು ಕೂರಿಸಿ, ಕೈಗೆ ಕೈ ಹಿಡಿಸಿ, ಮುಗಿಯಿತಲ್ಲ ಎಂದ ಅಣ್ಣತಮ್ಮಂದಿರ ಜಗಳ ನಿಜವಾಗಿ ಮುಗಿದಿದೆಯೇ? ಮುಗಿದಿದ್ದರೆ ಒಂದೇ ಸೂರಿನಡಿ ಇದ್ದು ಅಣ್ಣನಿಗೆ ಹೇಳಬೇಕಾದ್ದನ್ನು ಅತ್ತಿಗೆಯ ಕೈಯಲ್ಲಿ ಯಾಕೆ ಹೇಳಿಸುತ್ತೀರಿ? ಅಣ್ಣ ಜಗಲಿಯಲ್ಲಿ ಕೂತಿದ್ದರೆ ಹಿತ್ತಿಲ ಬಾಗಿಲಿಂದ ಯಾಕೆ ಹೊರಗೆ ಹೋಗುತ್ತೀರಿ? ಎಡಗಡೆ ಅಗಿಯುವುದು ಅಂದರೆ ಇದೇ ನೋಡಿ, ಇದೇ.

ಇವತ್ತು ಮನೆಗೆ ಹೋದವರು ಅಣ್ಣನ ಎದುರಿಗೆ ಕೂತು, ಅವತ್ತು ನಿನಗೆ ಏನು ನೋವಾಯಿತು ಎಂದು ಕೇಳಿ. ಕೇಳಿದ ಮೇಲೆ ನಡುವೆ ಬಾಯಿ ಹಾಕಬೇಡಿ. ಎಲ್ಲ ಹೊರಗೆ ಬರಲಿ. ನೋಯುತ್ತದೆ, ಕೂತಿರಿ. ಅಷ್ಟಾದ ಮೇಲೂ ನಾಳೆ ಬೆಳಿಗ್ಗೆ ನಿಮ್ಮ ಕಾಲು ತಾನಾಗಿ ಹಿತ್ತಿಲ ಕಡೆಗೇ ತಿರುಗುತ್ತದೆ. ಅಲ್ಲಿಂದ ತಿರುಗಿ ಬನ್ನಿ. ಅಣ್ಣನ ಮುಂದೆ ಹಾದು, ಮುಂಬಾಗಿಲಿಂದ ಹೊರಗೆ ಹೋಗಿ.