ಮೂಗಿಗೇ ಬಡಿಯುತ್ತೆ ಕಣೇ

ಅಯ್ಯೋ, ನಗಬೇಡ ಕಣೇ! ನಿಜವಾಗ್ಲೂ ಹೇಳ್ತಿದ್ದೀನಿ... ಮೂರನೇ ಸಾಲಿಗೇ ಸಿಕ್ಕಿಬಿದ್ದ ಆಸಾಮಿ! 'ನನ್ನ ಅಜ್ಜಿ' ಅಂತ ನಮ್ಮ ಪತ್ರಿಕೆಗೆ ಲೇಖನ ಕಳಿಸಿದ್ದಾನೆ. ಬರೆದಿದ್ದು ಅವನಲ್ಲ, ಕಂಪ್ಯೂಟರು. ನಾನು ಬಿಡ್ತೀನಾ? ಓದುಗರ ಬರಹ ತಿದ್ದಿ ತಿದ್ದಿ ಕಣ್ಣು ಸವೆಸಿಕೊಂಡವನು! ಮೆಷಿನ್ನಿನ ವಾಸನೆ ಮೂಗಿಗೇ ಬಡಿಯುತ್ತೆ ಕಣೇ... ಏ, ಬೇಡ ಬೇಡ, ಒಲೆ ಹತ್ರ ಬರಬೇಡ! ನೀನು ಮೊನ್ನೆ ರಿಟೈರ್ ಆದೆ ಅಂತ ಇವತ್ತು ಅಡುಗೆಮನೆಗೆ ನುಗ್ಗೋದಾ? ಮದುವೆಯಾದಾಗಿನಿಂದ ಇದು ನನ್ನ ರಾಜ್ಯ. ಉಪ್ಪು ಯಾವುದು ಸಕ್ಕರೆ ಯಾವುದು ಅಂತ ನಿನಗೆಲ್ಲಿ ಗೊತ್ತು? ಸುಮ್ನೆ ಕೂತ್ಕೋ.

ಹೇಗೆ ಗೊತ್ತಾಯ್ತು ಅಂತೀಯಾ? ಕೇಳು. ಎಲ್ಲಾ ಮೂರು ಮೂರು! ಅಜ್ಜಿ ಅಂದ್ರೆ ಪ್ರೀತಿ, ತಾಳ್ಮೆ, ತ್ಯಾಗ. ಅಜ್ಜಿ ಬರೀ ಅಜ್ಜಿಯಲ್ಲ, ಮನೆಯ ಬೆಳಕು... ಹೂಂ, ಬೆಳಕು! ಮೆಷಿನ್ನಿಗೆ ಕರೆಂಟ್ ಬಿಲ್ಲಿನ ಚಿಂತೆ ಇಲ್ಲ ನೋಡು, ಸಿಕ್ಕಸಿಕ್ಕವರನ್ನೆಲ್ಲ ಬೆಳಕು ಮಾಡಿಬಿಡುತ್ತೆ. ಇಡೀ ಲೇಖನದಲ್ಲಿ ಅಜ್ಜಿ ಒಂದು ಸಲ ಬೈಯಲ್ಲ, ಕೆಮ್ಮಲ್ಲ, ಕನ್ನಡಕ ಕಳ್ಕೊಳ್ಳಲ್ಲ! ಅಂಥ ಅಜ್ಜಿ ಎಲ್ಲಾದ್ರೂ ಇದ್ದಾಳಾ?

ಯಾಕೆ, ನಗು ಎಲ್ಲಿ ಹೋಯ್ತು?

ತಾಳು, ಇನ್ನೂ ಇದೆ. ದೊಡ್ಡ ಗುರುತು ಯಾವುದು ಗೊತ್ತಾ? ಮೆಷಿನ್ನಿಗೆ ಆ ಮನೆ ಗೊತ್ತಿರಲ್ಲ. ಹೆಂಗಸು ಅಂದ್ರೆ ಸಾಕು, ಕೈರುಚಿ ಅಂತ ಬರೆದುಬಿಡುತ್ತೆ. ಪಾಪ, ಆಕೆ ಒಲೆ ಹಚ್ಚಿದ್ದಳೋ ಇಲ್ಲವೋ, ಯಾರಿಗೆ ಬೇಕು...

ಏನು, ಫೋನ್ ಯಾಕೆ ತೆಗೆದೆ? ಅಯ್ಯೋ, ನಿನ್ನ ಬೀಳ್ಕೊಡುಗೆಯಲ್ಲಿ ನಾನು ಮಾಡಿದ ಭಾಷಣ ಈಗ್ಯಾಕೆ? ಎಷ್ಟು ಸಲ ಕೇಳ್ತೀಯ? ನಿಮ್ಮಕ್ಕನಿಗೂ ಕಳಿಸಿದ್ದಾಯ್ತು, ಡಿಪೋದವರಿಗೆಲ್ಲ ಕಳಿಸಿದ್ದಾಯ್ತು...

'ನನ್ನವಳು ಬರೀ ಬಸ್ ಡ್ರೈವರ್ ಅಲ್ಲ, ಮನೆಯ ಬೆಳಕು'... ಹೂಂ, ನಾನೇ ಅಂದಿದ್ದು. 'ಪ್ರೀತಿ, ತಾಳ್ಮೆ...' ಸಾಕು ಕಣೇ, ಆಫ್ ಮಾಡು! 'ಅವಳ ಕೈರುಚಿ...' ಹಾಗೆ ನೋಡಬೇಡ. ಗಾಬರಿಗೆ ಬಾಯಿತಪ್ಪಿ ಬಂತು ಅಂತ ಅವತ್ತೇ ಹೇಳಿದ್ನಲ್ಲ?

ಬೈದಾದ್ರೂ ಬಿಡು...

ಆಯ್ತು! ಅದನ್ನ ಬರೆದಿದ್ದು ಮೆಷಿನ್ನೇ. ಸಾಕಾ? ಆದ್ರೆ ಮೊದಲು ನಾನೂ ಬರೆದಿದ್ದೆ ಕಣೇ, ನಿನ್ನಾಣೆ. ನೀನು ಬಸ್ ಓಡಿಸಿದಷ್ಟು ವರ್ಷವೂ ನನಗೆ ಜೀವ ಕೈಯಲ್ಲೇ ಇತ್ತು ಅಂತ. ಈ ಕಿಟಕಿ ಹತ್ರ ನಿಂತು ಈರುಳ್ಳಿ ಹೆಚ್ಚುತ್ತಾ ರಸ್ತೆ ನೋಡ್ತಿದ್ದೆ, ನೀನು ತಿರುವಿನಲ್ಲಿ ನಡ್ಕೊಂಡು ಬರೋದು ಕಂಡ ಮೇಲೇನೇ ಒಲೆ ಹಚ್ತಿದ್ದೆ ಅಂತ. ಊಟ ಯಾಕೆ ದಿನಾ ತಡ ಅಂತ ರೇಗ್ತಿದ್ದೆಯಲ್ಲ... ಇದಕ್ಕೇ. ಅಷ್ಟು ಜನ ಡ್ರೈವರುಗಳ ಮುಂದೆ ಅದನ್ನ ಹೇಗೆ ಓದಲಿ? ನಾಚಿಕೆಯಾಯ್ತು. ಹರಿದುಹಾಕಿದೆ.

ಅದೇನು ಒತ್ತುತ್ತಿದ್ದೀಯ? ಅಯ್ಯಯ್ಯೋ, ಭಾಷಣ ಅಳಿಸೇಬಿಟ್ಯಾ!

ಮತ್ತೆ ಫೋನು ನನ್ನ ಬಾಯಿ ಹತ್ರ ಯಾಕೆ ಹಿಡಿದೆ? ಈಗ ಹೇಳಿದ್ದನ್ನೇ? ಮೊದಲಿಂದ?... ಸರಿ ಸರಿ, ಕಣ್ಣೊರೆಸ್ಕೋ, ಹೇಳ್ತೀನಿ. ಆದ್ರೆ ನಿಮ್ಮಕ್ಕನಿಗೆ ಮಾತ್ರ ಕಳಿಸಬೇಡ!